ಥಪ್ಪಿ ಹಚ್ಚುವ ರೋಬೋಟ್: ಯಾರ ಕೈ ಹಿಡಿಯಬೇಕು?

ಪ್ರಶ್ನೆ: ಹರಿಹರದ ಹತ್ತಿರ ನಮ್ಮದೊಂದು ಪಶು ಆಹಾರ ಕಾರ್ಖಾನೆಯಿದೆ. ಎರಡು ಪಾಳಿಯಲ್ಲಿ ದಿನಕ್ಕೆ 50 ಕೆ.ಜಿ.ಯ ಸುಮಾರು 5,000 ಚೀಲ ಹೊರಬೀಳುತ್ತವೆ. ಥಪ್ಪಿ ಹಚ್ಚಲು ಹಮಾಲರು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ತೂಕ ಮಾಡಿ, ಚೀಲ ತುಂಬಿ, ಹೊಲಿದು, ರೋಬೋಟ್‌ನಿಂದ ಪ್ಯಾಲೆಟ್ (ಫೋರ್ಕ್‌ಲಿಫ್ಟ್ ಎತ್ತುವ ಹಲಗೆ) ಮೇಲೆ ಜೋಡಿಸುವ ಇಡೀ ಲೈನ್‌ಗೆ ಮೂರು ಕೊಟೇಶನ್ ತರಿಸಿದ್ದೇವೆ. ಒಂದು ಯುರೋಪಿನ ಕಂಪನಿಯ ಭಾರತೀಯ ಶಾಖೆಯದು, ಎಲ್ಲಕ್ಕಿಂತ ದುಬಾರಿ. ಎರಡನೆಯದು ಜಪಾನಿನ ರೋಬೋಟ್ ಹಾಕಿ ಲೈನ್ ಕಟ್ಟಿಕೊಡುವ ಪುಣೆಯ ಸಂಸ್ಥೆಯದು. ಮೂರನೆಯದು ಚೀನಾದ ರೋಬೋಟ್ ತರಿಸುವ ಆಮದುದಾರರದು, ಮೊದಲನೆಯದರ ಅರ್ಧ ಬೆಲೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮುಂದೆ ಎರಡನೇ ಲೈನ್ ಮತ್ತು ಖನಿಜ ಮಿಶ್ರಣದ ಸಣ್ಣ ಪೊಟ್ಟಣಗಳ ಪ್ಯಾಕಿಂಗ್ ಕೂಡ ಮಾಡುವ ಯೋಚನೆಯಿದೆ. ಹತ್ತು–ಹದಿನೈದು ವರ್ಷ ಜೊತೆಗಿರುವ ಒಬ್ಬರನ್ನೇ ಹಿಡಿಯೋಣ ಎಂದುಕೊಂಡಿದ್ದೇವೆ. ಯಾರನ್ನು, ಯಾವ ಆಧಾರದ ಮೇಲೆ ಆರಿಸಬೇಕು?

ಉತ್ತರ: ನೀವು ಕಳುಹಿಸಿದ ಮೂರೂ ಕೊಟೇಶನ್‌ಗಳನ್ನು ಎರಡೆರಡು ಸಲ ಓದಿದೆ. ಮೂರರಲ್ಲೂ ರೋಬೋಟ್‌ನ ಬಣ್ಣದ ಚಿತ್ರವಿದೆ, ವೇಗವಿದೆ, ಬೆಲೆಯಿದೆ, ಬೆಲೆಯ ಕೆಳಗೆ ಇರುವೆ ಸಾಲಿನಂಥ ಷರತ್ತುಗಳಿವೆ. ಲೈನ್ ನಡೆಸುವ ಪ್ರೋಗ್ರಾಂ ಯಾರ ಸ್ವತ್ತು ಎಂದು ಹೇಳುವ ಒಂದೇ ಒಂದು ಸಾಲು ಮೂರರಲ್ಲಿ ಯಾವುದರಲ್ಲೂ ಇಲ್ಲ. ನೀವು ಕೇಳಿದ ಪ್ರಶ್ನೆಯ ಬಹುಪಾಲು ಉತ್ತರ ಆ ಇಲ್ಲದ ಸಾಲಿನಲ್ಲಿದೆ.

ನಿಮ್ಮದು ಹರಿಹರ, 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಊರು. ಅದು ಬಾಗಿಲು ಹಾಕಿ ಎರಡು ದಶಕಗಳ ಮೇಲಾಯಿತು. ಅಲ್ಲಿ ಎರಕ ಹೊಯ್ದು ಮಾಡಿದ ಲೇತುಗಳು ಮಾತ್ರ ಇಂದಿಗೂ ಎಷ್ಟೋ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ. ಗೇರು ಸವೆದರೆ ಇನ್ನೊಂದು ಕೊರೆಸುತ್ತಾರೆ, ಬೇರಿಂಗ್ ಹೋದರೆ ಅಂಗಡಿಯಿಂದ ತರುತ್ತಾರೆ, ಹಳೆಯ ಟರ್ನರ್ ಒಬ್ಬರು ಶಬ್ದ ಕೇಳಿಯೇ ರೋಗ ಹೇಳುತ್ತಾರೆ. ಹೆತ್ತವರು ಹೋದ ಮೇಲೂ ಆ ಯಂತ್ರ ಬದುಕಿತು, ಏಕೆಂದರೆ ಅದರ ಹೊಟ್ಟೆಯಲ್ಲಿ ಬೀಗ ಹಾಕಿದ ಪೆಟ್ಟಿಗೆ ಇರಲಿಲ್ಲ. ನೀವೀಗ ಕೊಳ್ಳಲು ಹೊರಟಿರುವ ಲೈನ್‌ನಲ್ಲಿ ಅಂಥ ಪೆಟ್ಟಿಗೆಗಳು ಕನಿಷ್ಠ ಮೂರಿವೆ: ರೋಬೋಟ್‌ನ ಕಂಟ್ರೋಲರ್, ಲೈನ್ ನಡೆಸುವ ಪಿಎಲ್‌ಸಿ ಎಂಬ ಸಣ್ಣ ಕಂಪ್ಯೂಟರ್, ಆಪರೇಟರ್ ಮುಂದಿನ ಪರದೆ. ಕೀಲಿಕೈ ಯಾರ ಜೇಬಿನಲ್ಲಿರುತ್ತದೋ ಅವರೇ ಮುಂದಿನ ಹದಿನೈದು ವರ್ಷ ನಿಮ್ಮ ಕಾರ್ಖಾನೆಯ ಅರ್ಧ ಯಜಮಾನರು. ಆದ್ದರಿಂದ ನನ್ನ ಸಲಹೆ ತುಸು ವಕ್ರವಾಗಿ ಕೇಳಿಸಬಹುದು. ದೀರ್ಘಕಾಲದ ಪೂರೈಕೆದಾರ ಬೇಕೆಂದರೆ, ಬೇಡವಾದ ದಿನ ಬಿಟ್ಟು ಬರಲು ಸಾಧ್ಯವಾಗುವಂಥವರನ್ನೇ ಹಿಡಿಯಿರಿ. ಬಿಟ್ಟು ಹೋಗಬಹುದೆಂಬ ಅರಿವಿರುವ ಕಡೆ ಸೇವೆ ಚೆನ್ನಾಗಿರುತ್ತದೆ. ಮೂವತ್ತು ವರ್ಷದಲ್ಲಿ ಇದಕ್ಕೆ ಅಪವಾದ ಕಂಡಿದ್ದು ಕಡಿಮೆ.

ಅದಕ್ಕೂ ಮೊದಲು ನೀವು ಕೇಳದ ಒಂದು ವಿಷಯ ಎತ್ತುತ್ತೇನೆ, ಬೇಸರಿಸಬೇಡಿ. ಪ್ಯಾಲೆಟ್ ಮೇಲೆ ಜೋಡಿಸಿದ ಚೀಲ ಆಮೇಲೆ ಎಲ್ಲಿಗೆ ಹೋಗುತ್ತದೆ? ಒಂದು ಸಾಲಿಗೆ ಐದರಂತೆ ಆರು ಸಾಲು ಹಾಕಿದರೆ ಒಂದು ಪ್ಯಾಲೆಟ್‌ಗೆ ಮೂವತ್ತು ಚೀಲ, ಒಂದೂವರೆ ಟನ್. ದಿನಕ್ಕೆ 5,000 ಚೀಲ ಎಂದರೆ ಸುಮಾರು 167 ಪ್ಯಾಲೆಟ್. ಮೂರು ದಿನದ ದಾಸ್ತಾನು ಇಡುತ್ತೀರಿ ಎಂದಾದರೆ ಐನೂರು ಪ್ಯಾಲೆಟ್ ಕೊಳ್ಳಬೇಕು, ಅವುಗಳನ್ನು ಹೊರುವ ಫೋರ್ಕ್‌ಲಿಫ್ಟ್ ಬೇಕು, ಅದು ತಿರುಗಲು ಗೋದಾಮಿನಲ್ಲಿ ದಾರಿ ಬಿಡಬೇಕು, ಗುಂಡಿ ಬಿದ್ದ ನೆಲವನ್ನು ಕಾಂಕ್ರೀಟ್ ಹಾಕಿ ಸಮ ಮಾಡಬೇಕು. ಇಷ್ಟೆಲ್ಲ ಮಾಡಿ ಕೊನೆಗೆ ಲಾರಿ ಬಂದು ನಿಂತಾಗ? ನಮ್ಮ ಕಡೆ ಪಶು ಆಹಾರ ಪ್ಯಾಲೆಟ್ ಸಮೇತ ಲಾರಿ ಹತ್ತುವುದಿಲ್ಲ. ಹಳ್ಳಿಯ ಹಾಲಿನ ಡೇರಿಯಲ್ಲಿ ಇಳಿಸಿಕೊಳ್ಳಲು ಫೋರ್ಕ್‌ಲಿಫ್ಟ್ ಎಲ್ಲಿದೆ? ಹದಿನಾರು ಟನ್ ಲಾರಿಗೆ 320 ಚೀಲಗಳನ್ನು ಮತ್ತೆ ಹಮಾಲರೇ ಒಂದೊಂದಾಗಿ ಎತ್ತಬೇಕು. ರೋಬೋಟ್ ಅಚ್ಚುಕಟ್ಟಾಗಿ ಕಟ್ಟಿದ ಥಪ್ಪಿಯನ್ನು ಮನುಷ್ಯರು ಕೆಡವುತ್ತಾರೆ.

ಹೀಗಾಗಿ ಹೊಲಿಗೆ ಯಂತ್ರದಿಂದ ಗೋದಾಮಿನವರೆಗಿನ ಹಮಾಲಿ ಖರ್ಚು ನಿಮಗೆ ಉಳಿತಾಯವಾಗುತ್ತದೆ. ಗೋದಾಮಿನಿಂದ ಲಾರಿಗೆ ಏರಿಸುವ ಹಮಾಲಿ ಹಾಗೆಯೇ ಇರುತ್ತದೆ. ನಿಮ್ಮ ಮಾಲಿನಲ್ಲಿ ಅರ್ಧ ಭಾಗ ತಯಾರಾದ ದಿನವೇ ಲಾರಿ ಹತ್ತುತ್ತದೆ ಎಂದು ಬರೆದಿದ್ದೀರಿ. ಆ ಅರ್ಧಕ್ಕೆ ರೋಬೋಟ್ ಬೇಕಿಲ್ಲ. ಹೊಲಿಗೆಯಿಂದ ನೇರವಾಗಿ ಲಾರಿಯೊಳಗೆ ಚಾಚುವ ಬೆಲ್ಟ್ ಹಾಕಿ, ತುದಿಯಲ್ಲಿ ಇಬ್ಬರು ನಿಂತರೆ ಸಾಕು. ಚೀಲ ಎದೆಮಟ್ಟಕ್ಕೆ ಬರುತ್ತದೆ, ಅವರು ತಳ್ಳಿ ಜೋಡಿಸುತ್ತಾರೆ. ಈಗ ನೆನಪಿಸಿಕೊಳ್ಳಿ, ಮೂವರಲ್ಲಿ ಯಾರು ನಿಮ್ಮ ಲಾರಿ ನಿಲ್ಲುವ ಜಾಗಕ್ಕೆ ಬಂದು ನೋಡಿದರು? ನಿಮ್ಮ ಪತ್ರದ ಪ್ರಕಾರ ಪುಣೆಯವರು ಮಾತ್ರ ಅರ್ಧ ದಿನ ಅಲ್ಲಿ ನಿಂತರು, ಬೆಲ್ಟ್‌ನ ಮಾತನ್ನೂ ಆಡಿದರು, ನಿಮಗೆ ಅದು ರುಚಿಸಲಿಲ್ಲ. ತನ್ನ ರೋಬೋಟ್ ವ್ಯಾಪಾರಕ್ಕೆ ತಾನೇ ಕತ್ತರಿ ಹಾಕುವ ಮಾತಾಡಿದವರನ್ನು ಇನ್ನೊಮ್ಮೆ ಕರೆದು ಕೂರಿಸಿ ಎಂದಷ್ಟೇ ಹೇಳುತ್ತೇನೆ.

ಇನ್ನು ಯಾರಿಂದ ಕೊಳ್ಳುತ್ತಿದ್ದೀರಿ ಎಂಬ ಪ್ರಶ್ನೆ. ರೋಬೋಟ್ ಮಾಡುವವರು ಬೇರೆ, ರೋಬೋಟ್‌ನಿಂದ ಲೈನ್ ಕಟ್ಟುವವರು ಬೇರೆ. ಎರಡನೆಯವರನ್ನು ಈ ಉದ್ಯಮದಲ್ಲಿ ಇಂಟಿಗ್ರೇಟರ್ ಎನ್ನುತ್ತಾರೆ. ಫ್ಯಾನಕ್, ಎಬಿಬಿ, ಕೂಕಾ, ಯಸ್ಕಾವಾ ಇಂಥವರು ತೋಳು ಮತ್ತು ಕಂಟ್ರೋಲರ್ ಕೊಡುತ್ತಾರೆ. ಚೀಲ ಹಿಡಿಯುವ ಗ್ರಿಪ್ಪರ್, ಚೀಲ ಚಪ್ಪಟೆ ಮಾಡುವ ಕನ್ವೇಯರ್, ಬೇಲಿ, ಪ್ಯಾನೆಲ್, ಪ್ರೋಗ್ರಾಂ ಎಲ್ಲ ಇಂಟಿಗ್ರೇಟರ್ ಕೆಲಸ. ನನ್ನ ಅನುಭವದಲ್ಲಿ ಲೈನ್ ನಿಲ್ಲುವುದು ತೋಳಿನಿಂದ ಅಪರೂಪ. ನಿಲ್ಲಿಸುವುದು ತೌಡಿನ ಧೂಳು ಮೆತ್ತಿದ ಸೆನ್ಸರ್, ಬಾಗಿದ ಗ್ರಿಪ್ಪರ್ ಬೆರಳು, ಹರಿದ ಬೆಲ್ಟ್, ಕಾಕಂಬಿಯ ಅಂಟು ಹಿಡಿದ ರೋಲರ್, ನೀರು ತುಂಬಿದ ಗಾಳಿಯ ಪೈಪು. ಇವೆಲ್ಲ ಇಂಟಿಗ್ರೇಟರ್ ಪಾಲಿನವು. ಹಾಗಾಗಿ ತೋಳಿನ ಮೇಲಿನ ಹೆಸರು ನೋಡಿ ನಿಶ್ಚಿಂತೆಯಾಗಬೇಡಿ. ಅದನ್ನು ಕಟ್ಟುವವರ ಬಳಿ ಎಷ್ಟು ಜನ ಇದ್ದಾರೆ, ಅವರಲ್ಲಿ ಪ್ರೋಗ್ರಾಂ ಬರೆಯುವವರು ಎಷ್ಟು ಎಂದು ಕೇಳಿ. ಉತ್ತರ ಒಬ್ಬರೇ ಎಂದಾದರೆ, ಆ ಒಬ್ಬರು ಕೆಲಸ ಬಿಟ್ಟ ದಿನ ನಿಮ್ಮ ಪೂರೈಕೆದಾರರು ಹೆಸರಿಗೆ ಮಾತ್ರ ಉಳಿಯುತ್ತಾರೆ.

ದೊಡ್ಡ ಹೆಸರು ಶಾಶ್ವತ ಎಂಬ ನಂಬಿಕೆಯೂ ಸ್ವಲ್ಪ ಸಡಿಲವಾಗಲಿ. ಜರ್ಮನಿಯ ಕೂಕಾವನ್ನು ಚೀನಾದ ಮಿಡಿಯಾ ಸಮೂಹ 2016–17ರಲ್ಲಿ ಕೊಂಡಿತು. ಬಾಷ್ ತನ್ನ ಪ್ಯಾಕೇಜಿಂಗ್ ಯಂತ್ರಗಳ ವಿಭಾಗವನ್ನೇ ಮಾರಿತು. 2020ರಿಂದ ಅದು ಸಿಂಟೆಗಾನ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. 2025ರ ಅಕ್ಟೋಬರ್‌ನಲ್ಲಿ ಎಬಿಬಿ ತನ್ನ ರೋಬೋಟ್ ವಿಭಾಗವನ್ನು ಜಪಾನಿನ ಸಾಫ್ಟ್‌ಬ್ಯಾಂಕ್‌ಗೆ ಮಾರುವುದಾಗಿ ಪ್ರಕಟಿಸಿತು. ಇದರಿಂದ ಅವುಗಳ ಯಂತ್ರ ಕೆಟ್ಟವಾಗುವುದಿಲ್ಲ, ಬಿಡಿಭಾಗವೂ ನಾಳೆಯೇ ನಿಲ್ಲುವುದಿಲ್ಲ. ಹದಿನೈದು ವರ್ಷದ ಲೆಕ್ಕ ಹಾಕುವಾಗ ಫಲಕದ ಮೇಲಿನ ಹೆಸರು ಒಂದೆರಡು ಸಲ ಬದಲಾಗಬಹುದು ಎಂದು ಇಟ್ಟುಕೊಂಡೇ ಕರಾರು ಬರೆಯಬೇಕು, ಅಷ್ಟೇ. ಕಂಪನಿ ಕೈ ಬದಲಾದರೂ ಬಿಡಿಭಾಗ ಮತ್ತು ಸೇವೆಯ ಹೊಣೆ ಹೊಸ ಮಾಲೀಕರ ಮೇಲೆ ಮುಂದುವರಿಯುತ್ತದೆ ಎಂಬ ಒಂದು ವಾಕ್ಯ ಹಾಕಿಸಲು ವಕೀಲರಿಗೆ ಹತ್ತು ನಿಮಿಷ ಸಾಕು.

ಈಗ ಕೀಲಿಕೈ ವಿಷಯ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ತುಂಗಭದ್ರಾ ಅಚ್ಚುಕಟ್ಟಿನ ಒಂದು ಅಕ್ಕಿ ಗಿರಣಿಯವರು ಕರೆದರು. ಬ್ಯಾಗಿಂಗ್ ಲೈನ್ ನಿಂತಿತ್ತು. ಸಿಡಿಲಿನ ಹೊಡೆತಕ್ಕೆ ಪಿಎಲ್‌ಸಿ ಸುಟ್ಟಿತ್ತು. ಅದೇ ಮಾದರಿಯ ಹೊಸ ಪಿಎಲ್‌ಸಿ ಬೆಂಗಳೂರಿನಲ್ಲಿ ಮರುದಿನವೇ ಸಿಕ್ಕಿತು. ಆದರೆ ಅದರೊಳಗೆ ಹಾಕಲು ಪ್ರೋಗ್ರಾಂ ಇರಲಿಲ್ಲ. ಕಟ್ಟಿಕೊಟ್ಟವರು ಪ್ರತಿಯನ್ನು ಕೊಟ್ಟಿರಲಿಲ್ಲ. ಹಳೆಯದಕ್ಕೆ ಪಾಸ್‌ವರ್ಡ್ ಬೇರೆ. ಫೋನ್ ಮಾಡಿದರೆ ಸಂಸ್ಥೆಯೇ ಮುಚ್ಚಿತ್ತು, ಪ್ರೋಗ್ರಾಂ ಬರೆದ ಹುಡುಗ ದುಬೈಯಲ್ಲಿದ್ದ. ನಾನು ಮತ್ತು ಇನ್ನೊಬ್ಬರು ಗಿರಣಿಯ ಅತಿಥಿ ಕೋಣೆಯಲ್ಲಿ ಮೂರು ವಾರ ಉಳಿದು, ಒಂದೊಂದೇ ತಂತಿ ಹಿಡಿದು ಇದು ಯಾವ ಸೆನ್ಸರ್, ಇದು ಯಾವ ವಾಲ್ವ್ ಎಂದು ಗುರುತಿಸಿ, ಇಡೀ ಪ್ರೋಗ್ರಾಂ ಹೊಸದಾಗಿ ಬರೆದೆವು. ವೈರಿಂಗ್ ನಕ್ಷೆಯೂ ಇರಲಿಲ್ಲ. ಆ ಮೂರು ವಾರ ಸುಗ್ಗಿಯ ಮೂರು ವಾರ. ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುವಷ್ಟು ಕಡತ ಕೈಯಲ್ಲಿದ್ದಿದ್ದರೆ ಎರಡು ಗಂಟೆಯ ಕೆಲಸ.

ಆದ್ದರಿಂದ ಆರ್ಡರ್ ಕೊಡುವ ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ: ಪಿಎಲ್‌ಸಿ ಪ್ರೋಗ್ರಾಂ, ಟಿಪ್ಪಣಿಗಳ ಸಮೇತ, ಪಾಸ್‌ವರ್ಡ್ ಇಲ್ಲದೆ ಅಥವಾ ಪಾಸ್‌ವರ್ಡ್ ಜೊತೆಗೆ. ಟಿಪ್ಪಣಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ; ಹೆಸರಿಲ್ಲದ ಸಾವಿರ ಸಾಲುಗಳ ಪ್ರೋಗ್ರಾಂ ಕೊಟ್ಟರೆ ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು. ಪರದೆಯ ಮೂಲ ಕಡತ ಬೇಕು. ರೋಬೋಟ್‌ನ ಪೂರ್ಣ ಬ್ಯಾಕಪ್ ಬೇಕು. ವಿದ್ಯುತ್ ಮತ್ತು ಗಾಳಿಯ ನಕ್ಷೆಗಳು, ಗ್ರಿಪ್ಪರ್‌ನ ತಯಾರಿಕಾ ನಕ್ಷೆ, ಮತ್ತು ಬೇರಿಂಗ್, ಬೆಲ್ಟ್, ಸಿಲಿಂಡರ್, ಸೆನ್ಸರ್ ಎಲ್ಲದರ ಮೂಲ ತಯಾರಕರ ಹೆಸರು ಹಾಗೂ ಸಂಖ್ಯೆ ಇರುವ ಪಟ್ಟಿ ಬೇಕು. ಈ ಕೊನೆಯದರ ವಿಷಯದಲ್ಲಿ ಬಹಳ ಆಟವಾಡುತ್ತಾರೆ. ಅಂಗಡಿಯಲ್ಲಿ ಸಿಗುವ ಬೇರಿಂಗ್‌ನ ಸಂಖ್ಯೆ ಅಳಿಸಿ ತಮ್ಮದೇ ಸಂಖ್ಯೆ ಅಂಟಿಸಿ ನಾಲ್ಕು ಪಟ್ಟು ಬೆಲೆಗೆ ಮಾರುವುದನ್ನು ಕಂಡಿದ್ದೇನೆ. ದೊಡ್ಡವರು ಸಣ್ಣವರು ಎಂಬ ಭೇದ ಇದರಲ್ಲಿ ಇಲ್ಲ.

ಪ್ರೋಗ್ರಾಂ ನಮ್ಮ ಬೌದ್ಧಿಕ ಆಸ್ತಿ, ಕೊಡಲಾಗದು ಎಂದು ಯುರೋಪಿನ ಶಾಖೆಯವರು ಖಂಡಿತ ಹೇಳುತ್ತಾರೆ. ಅವರ ಮಾತಿನಲ್ಲೂ ಅರ್ಥವಿದೆ, ತೂಕ ಮಾಡುವ ಲೆಕ್ಕಾಚಾರ ಅವರು ವರ್ಷಗಟ್ಟಲೆ ತಿದ್ದಿ ತೀಡಿದ್ದು. ಅಂಥ ಒಂದೆರಡು ಭಾಗಗಳಿಗೆ ಬೀಗವಿರಲಿ, ಉಳಿದದ್ದು ತೆರೆದಿರಲಿ ಎಂದು ಮಧ್ಯದ ದಾರಿ ಹಿಡಿಯಬಹುದು. ಬೀಗ ಹಾಕಿದ ಭಾಗ ಸೇರಿ ಇಡೀ ಪ್ರೋಗ್ರಾಂನ ಮೊಹರು ಮಾಡಿದ ಪ್ರತಿಯನ್ನು ಇಬ್ಬರೂ ನಂಬುವ ಮೂರನೆಯವರ ಬಳಿ ಇಡಿಸಿ, ಸಂಸ್ಥೆ ಮುಚ್ಚಿದರೆ ಅಥವಾ ಸೇವೆ ನಿಲ್ಲಿಸಿದರೆ ಅದು ನಿಮಗೆ ಸೇರುವಂತೆ ಕರಾರು ಮಾಡಬಹುದು. ಇದಕ್ಕೂ ಒಪ್ಪದಿದ್ದರೆ ನನ್ನ ಮಟ್ಟಿಗೆ ಮಾತುಕತೆ ಮುಗಿಯಿತು. ಮತ್ತೆ, ಹಣದ ಕಂತುಗಳನ್ನು ಈ ಕಡತಗಳಿಗೆ ಕಟ್ಟಿಹಾಕಿ. ಸಾಮಾನ್ಯವಾಗಿ ಯಂತ್ರ ಅವರ ಗೇಟು ದಾಟುವ ಮೊದಲೇ ಶೇ 90 ಹಣ ಕೇಳುತ್ತಾರೆ. ಶೇ 20ರಷ್ಟನ್ನಾದರೂ ಉಳಿಸಿಕೊಳ್ಳಿ. ಲೈನ್ ನಿಮ್ಮಲ್ಲಿ ಓಡಿ, ಎಲ್ಲ ಕಡತ ಕೈಸೇರಿ, ನಿಮ್ಮ ಹುಡುಗರೇ ಆ ಬ್ಯಾಕಪ್‌ನಿಂದ ಯಂತ್ರವನ್ನು ಒಮ್ಮೆ ಎಬ್ಬಿಸಿ ತೋರಿಸಿದ ಮೇಲೆ ಕೊಡಿ. ಮುಂಗಡಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳುವುದನ್ನು ಮರೆಯಬೇಡಿ.

ಬಿಡಿಭಾಗದ ಮಾತಿಗೆ ಬಂದರೆ, ಪ್ರತಿ ಎಲೆಕ್ಟ್ರಾನಿಕ್ ಭಾಗಕ್ಕೂ ಆಯಸ್ಸಿದೆ. ಸೀಮೆನ್ಸ್‌ನ ಎಸ್7-300 ಪಿಎಲ್‌ಸಿ ಒಂದು ಕಾಲಕ್ಕೆ ನಮ್ಮ ಕಾರ್ಖಾನೆಗಳಲ್ಲಿ ಎಲ್ಲೆಲ್ಲೂ ಇತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯುವ ಹಂತ ಶುರುವಾಯಿತು, ಬಿಡಿಭಾಗ 2033ರವರೆಗೆ ಎಂದು ಕಂಪನಿ ಮೊದಲೇ ಹೇಳಿತು. ಇದು ಮರ್ಯಾದಸ್ತ ರೀತಿ. ನಿಮಗೆ ಕೊಡುತ್ತಿರುವ ಪ್ರತಿ ಮುಖ್ಯ ಭಾಗ ಈಗ ಅದರ ಆಯಸ್ಸಿನ ಯಾವ ಹಂತದಲ್ಲಿದೆ ಎಂದು ಮೂವರನ್ನೂ ಲಿಖಿತವಾಗಿ ಕೇಳಿ. ಗೋದಾಮಿನಲ್ಲಿ ಮಿಕ್ಕಿದ ಹಳೆಯ ಮಾದರಿಯನ್ನು ಹೊಸ ಲೈನ್‌ಗೆ ಸೇರಿಸುವವರು ಇದ್ದಾರೆ. 2021–22ರ ಚಿಪ್ ಬರಗಾಲದಲ್ಲಿ ಒಂದು ಸಾಧಾರಣ ಪಿಎಲ್‌ಸಿಗೂ ತಿಂಗಳುಗಟ್ಟಲೆ ಕಾಯಬೇಕಾಯಿತು; ಒಂದು ಪಿಎಲ್‌ಸಿ, ಒಂದು ಡ್ರೈವ್ (ಮೋಟಾರಿನ ವೇಗ ಹಿಡಿದಿಡುವ ಪೆಟ್ಟಿಗೆ), ಒಂದು ಪರದೆಯನ್ನು ನಿಮ್ಮದೇ ಕಪಾಟಿನಲ್ಲಿ ಇಡಲು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಸಣ್ಣ ವಸ್ತುವೊಂದು ದೊಡ್ಡ ರಂಪ ಮಾಡಿದ್ದನ್ನೂ ಹೇಳಿಬಿಡುತ್ತೇನೆ. ರೋಬೋಟ್‌ನ ಕೀಲುಗಳು ಎಷ್ಟು ಕೋನ ತಿರುಗಿವೆ ಎಂಬ ನೆನಪನ್ನು ಕರೆಂಟ್ ಇಲ್ಲದಾಗ ಕಾಯುವುದು ಕೆಲವು ಸಣ್ಣ ಬ್ಯಾಟರಿಗಳು. ಹಲವು ಮಾದರಿಗಳಲ್ಲಿ ಅವುಗಳನ್ನು ಸುಮಾರು ವರ್ಷಕ್ಕೊಮ್ಮೆ, ಅದೂ ಕಂಟ್ರೋಲರ್ ಚಾಲೂ ಇರುವಾಗಲೇ ಬದಲಿಸಬೇಕು. ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಮೇನ್ ಸ್ವಿಚ್ ಆರಿಸಿ ತಿಂಗಳುಗಟ್ಟಲೆ ಬಿಟ್ಟರು. ಹಂಗಾಮು ಶುರುವಾದಾಗ ರೋಬೋಟ್‌ಗೆ ತನ್ನ ಕೈ ಎಲ್ಲಿದೆ ಎಂಬುದೇ ಮರೆತಿತ್ತು. ಎಂಜಿನಿಯರ್ ಬಂದು ಮತ್ತೆ ಸೊನ್ನೆ ಹೊಂದಿಸಿ, ಪ್ರತಿ ಚೀಲದ ಜಾಗ ಮರಳಿ ಕಲಿಸಲು ನಾಲ್ಕು ದಿನ ಹಿಡಿಯಿತು. ಕೀಲುಗಳ ಗ್ರೀಸ್‌ಗೂ ಲೆಕ್ಕವಿದೆ. ಫ್ಯಾನಕ್‌ನ ಹಲವು ಮಾದರಿಗಳಿಗೆ ಮೂರು ವರ್ಷ ಅಥವಾ 11,520 ಗಂಟೆ, ಯಾವುದು ಮೊದಲೋ ಅದು. ನಿಮ್ಮ ಎರಡು ಪಾಳಿಗೆ, ವರ್ಷಕ್ಕೆ ಮುನ್ನೂರು ದಿನದಂತೆ, ಗಂಟೆಯೇ ಮೊದಲು ಬರುತ್ತದೆ, ಸುಮಾರು ಎರಡೂವರೆ ವರ್ಷಕ್ಕೆ. ಇಂಥ ಮಾತುಗಳನ್ನು ಕೊಟೇಶನ್ ಹಂತದಲ್ಲೇ ತಾವಾಗಿ ಹೇಳಿದವರು ಯಾರಾದರೂ ಇದ್ದರೆ ಅವರ ಹೆಸರಿನ ಮುಂದೆ ಒಂದು ಗುರುತು ಹಾಕಿ.

ದೂರದ ಬಗ್ಗೆ ನೀವು ಚಿಂತಿಸುತ್ತಿದ್ದೀರಿ, ಪುಣೆ ದೂರ ಎಂದು. ನಿಮ್ಮ ಊರ ಪಕ್ಕದ ಹೆದ್ದಾರಿ 48 ಒಂದು ಕಡೆ ಬೆಂಗಳೂರಿಗೆ, ಇನ್ನೊಂದು ಕಡೆ ಪುಣೆಗೆ ಹೋಗುತ್ತದೆ. ರಾತ್ರಿ ಬಸ್ ಹತ್ತಿದ ಎಂಜಿನಿಯರ್ ಬೆಳಗಿನ ಪಾಳಿಗೆ ನಿಮ್ಮಲ್ಲಿರುತ್ತಾನೆ. ಬಂದವನಿಗೆ ನಿಮ್ಮ ಲೈನ್ ಗೊತ್ತಿದೆಯೇ ಎಂಬುದು ಮುಖ್ಯ. 24 ಗಂಟೆಯೊಳಗೆ ಮನುಷ್ಯ ಬರದಿದ್ದರೆ ಇಷ್ಟು ದಂಡ ಎಂದು ಕರಾರಿನಲ್ಲಿ ಬರೆಯುತ್ತಾರೆ, ಬರೆಯಿರಿ. ಆ ದಂಡ ವಸೂಲಾದದ್ದನ್ನು ನಾನು ನೋಡಿದ್ದು ಒಂದೋ ಎರಡೋ ಸಲ. ಅದಕ್ಕಿಂತ, ಲೈನ್ ಕಟ್ಟಿದ ತಂಡದ ಇಬ್ಬರು ಎಂಜಿನಿಯರ್‌ಗಳ ಹೆಸರು ಹಾಕಿಸಿ, ಅವರಲ್ಲಿ ಒಬ್ಬರು ಬಿಟ್ಟರೆ ಬದಲಿ ಎಂಜಿನಿಯರ್ ಬಂದು ನಿಮ್ಮಲ್ಲಿ ಒಂದು ವಾರ ಕಳೆಯಬೇಕು ಎಂದು ಬರೆಸಿ. ನಿಮ್ಮ ಕಡೆಯಿಂದ ಮೂವರು ಡಿಪ್ಲೊಮಾ ಹುಡುಗರನ್ನು ತರಬೇತಿಗೆ ಕಳುಹಿಸಿ. ಫ್ಯಾನಕ್‌ಗೂ ಎಬಿಬಿಗೂ ಬೆಂಗಳೂರಿನಲ್ಲೇ ಭಾರತದ ಮುಖ್ಯ ಕಚೇರಿಯಿದೆ. ಮೂವರು ಏಕೆ ಎಂದರೆ, ರೋಬೋಟ್ ಕಲಿತ ಹುಡುಗನಿಗೆ ವರ್ಷದೊಳಗೆ ಬೆಂಗಳೂರಿನಿಂದ ಕರೆ ಬರುತ್ತದೆ. ಹೋಗಬೇಡ ಎನ್ನುವುದು ಸರಿಯಲ್ಲ, ನಡೆಯುವುದೂ ಇಲ್ಲ.

ಚೀನಾದ ರೋಬೋಟ್ ಬಗ್ಗೆ ನನಗೆ ಮಡಿಮೈಲಿಗೆ ಇಲ್ಲ. ಅವರ ತೋಳುಗಳು ಹತ್ತು ವರ್ಷದ ಹಿಂದಿನಂತೆ ಇಲ್ಲ, 50 ಕೆ.ಜಿ. ಚೀಲ ಎತ್ತಿಡುವ ಕೆಲಸಕ್ಕೆ ಧಾರಾಳವಾಗಿ ಸಾಕು. ನನ್ನ ಅಳುಕು ನಡುವಿನ ಆಮದುದಾರರ ಬಗ್ಗೆ. 2020ರ ಗಡಿ ಘರ್ಷಣೆಯ ನಂತರ ಚೀನಾದ ತಂತ್ರಜ್ಞರಿಗೆ ವೀಸಾ ಬಿಗಿಯಾಯಿತು. ತರಿಸಿದ ಯಂತ್ರಗಳನ್ನು ಕೂರಿಸಲು ಜನರಿಲ್ಲದೆ ಎಷ್ಟೋ ಕಾರ್ಖಾನೆಗಳು ಕಾದವು. ಈಗ ಸಡಿಲವಾಗಿದೆ, ನಾಳೆ ಹೇಗೋ. ಆಮದುದಾರರ ಬಳಿ ಭಾರತದಲ್ಲೇ ಬಿಡಿಭಾಗದ ದಾಸ್ತಾನು ಇದೆಯೇ, ಪ್ರೋಗ್ರಾಂ ತಿದ್ದಬಲ್ಲ ಇಲ್ಲಿನ ಎಂಜಿನಿಯರ್ ಇದ್ದಾನೆಯೇ ಎಂದು ಅವರ ಗೋದಾಮಿಗೇ ಹೋಗಿ ನೋಡಿ. ನಿಮಗೆ ಬಂದ ಕೊಟೇಶನ್‌ನಲ್ಲಿ ‘ತಯಾರಕರ ತಂತ್ರಜ್ಞರು ಬಂದು ಚಾಲನೆ ನೀಡುತ್ತಾರೆ’ ಎಂದಿದೆ. ಅವರನ್ನು ಬಿಡಲು ನನಗೆ ಅಷ್ಟು ಸಾಕು.

ವೇಗದ ಅಂಕಿಗಳು. ಮೂವರೂ ಗಂಟೆಗೆ 600 ಚೀಲ ಎಂದಿದ್ದಾರೆ. ರೋಬೋಟ್‌ಗೆ ಅದು ಲೆಕ್ಕವೇ ಅಲ್ಲ. ಎಬಿಬಿಯ ಐಆರ್‌ಬಿ 460 ಎಂಬ ನಾಲ್ಕು ಅಕ್ಷದ ತೋಳಿಗೆ ಗಂಟೆಗೆ 2,190 ಸುತ್ತು (ಎತ್ತಿ, ಇಟ್ಟು, ಮರಳಿದರೆ ಒಂದು ಸುತ್ತು) ಎಂದು ಕಂಪನಿ ಹೇಳಿಕೊಂಡಿದೆ. ಆದರೆ ಆ ತೋಳಿನ ಮಿತಿ 110 ಕೆ.ಜಿ. ಚೀಲ 50, ಗ್ರಿಪ್ಪರ್ 45 ಎಂದಾದರೆ ಅಂಚಿಗೆ ಬಂದು ನಿಂತಿರಿ. ಗ್ರಿಪ್ಪರ್ ತೂಕವೂ ಲೆಕ್ಕಕ್ಕೆ ಸೇರುತ್ತದೆ ಎಂಬುದು ಹೊಸಬರಿಗೆ ಹೊಳೆಯುವುದಿಲ್ಲ. ಅದಿರಲಿ, ಲೈನ್ ಎಂದರೆ ಸರಪಳಿ. ತೂಕದ ಯಂತ್ರ, ಚೀಲ ಸಿಕ್ಕಿಸುವ ಯಂತ್ರ, ಹೊಲಿಗೆ, ಚಪ್ಪಟೆ ಮಾಡುವ ಕನ್ವೇಯರ್, ರೋಬೋಟ್ ಹೀಗೆ ಐದು ಸಾಲಾಗಿ ನಿಂತಿವೆ. ಪ್ರತಿಯೊಂದೂ ನೂರಕ್ಕೆ ತೊಂಬತ್ತೈದು ಹೊತ್ತು ಸರಿಯಾಗಿ ನಡೆದರೂ ಐದೂ ಒಟ್ಟಿಗೆ ನಡೆಯುವುದು ನೂರಕ್ಕೆ ಸುಮಾರು 77 ಹೊತ್ತು. 600 ಎಂದದ್ದು 460ಕ್ಕೆ ಇಳಿಯಿತು. ನಿಮಗೆ ಬೇಕಿರುವುದು 310ರ ಆಸುಪಾಸು, ಹಾಗಾಗಿ ತೊಂದರೆಯಿಲ್ಲ. ಆದರೆ 600ರ ಮೇಲೆ ನಂಬಿಕೆಯಿಟ್ಟು ಮುಂದಿನ ವಿಸ್ತರಣೆಯ ಲೆಕ್ಕ ಹಾಕಬೇಡಿ.

ಪರೀಕ್ಷೆ ಮಾತ್ರ ನಿಮ್ಮ ಚೀಲದಲ್ಲೇ, ನಿಮ್ಮ ಮಾಲಿನಲ್ಲೇ ಆಗಬೇಕು. ಪ್ರದರ್ಶನಕ್ಕೆಂದು ಅವರು ಮರಳೋ ಪ್ಲಾಸ್ಟಿಕ್ ಗುಳಿಗೆಯೋ ತುಂಬಿದ, ಇಟ್ಟಿಗೆಯಂಥ ಚೀಲ ತೋರಿಸುತ್ತಾರೆ. ಪಶು ಆಹಾರದ ಚೀಲ ಹಾಗಿರುವುದಿಲ್ಲ. ಆಹಾರದ ಗುಳಿಗೆ ಸರಿಯಾಗಿ ಆರದೆ ಬಿಸಿಯಾಗಿ ತುಂಬಿದರೆ ಚೀಲ ಮೆತ್ತಗಾಗಿ ಜೋಲುತ್ತದೆ, ಥಪ್ಪಿ ಒಂದು ಕಡೆ ವಾಲುತ್ತದೆ. ಒಳಪದರವಿರುವ ನೇಯ್ದ ಚೀಲದಲ್ಲಿ ಗಾಳಿ ಸಿಕ್ಕಿಕೊಂಡು ದಿಂಬಿನಂತೆ ಉಬ್ಬುತ್ತದೆ. ಮೇಲಿನ ಸಾಲು ಜಾರುತ್ತದೆ. ಹಮಾಲರಾದರೆ ಒಂದು ಗುದ್ದು ಗುದ್ದಿ, ಮೂಲೆ ಸರಿಪಡಿಸಿ ಇಡುತ್ತಿದ್ದರು. ರೋಬೋಟ್‌ಗೆ ಆ ಬುದ್ಧಿಯಿಲ್ಲ. ನಿಮ್ಮದೇ ಇನ್ನೂರು ತುಂಬಿದ ಚೀಲಗಳನ್ನು ಲಾರಿಯಲ್ಲಿ ಅವರ ಶೆಡ್ಡಿಗೆ ಕಳುಹಿಸಿ, ಅಗ್ಗದ ಕಾಲದಲ್ಲಿ ನೀವು ಕೊಳ್ಳುವ ಎರಡನೇ ದರ್ಜೆಯ ಚೀಲಗಳೂ ಅದರಲ್ಲಿರಲಿ. ಥಪ್ಪಿ ಕಟ್ಟಿದ ಮೇಲೆ ಅದನ್ನು ಫೋರ್ಕ್‌ಲಿಫ್ಟ್‌ನಲ್ಲಿ ಎತ್ತಿ, ಒಂದು ಸುತ್ತು ಓಡಿಸಿ, ಗಕ್ಕನೆ ಬ್ರೇಕ್ ಹಾಕಲು ಹೇಳಿ. ಆ ಖರ್ಚು ಯಾರದು ಎಂದು ಜಗಳ ಬಂದರೆ ನೀವೇ ಕೊಡಿ.

ರೋಬೋಟ್‌ನ ಮೋಹದಲ್ಲಿ ತೂಕದ ಯಂತ್ರವನ್ನು ಎಲ್ಲರೂ ಕಡೆಗಣಿಸುತ್ತಾರೆ. ಲಾಭ ಸೋರುವುದೇ ಅಲ್ಲಿಂದ. ಚೀಲಕ್ಕೆ 100 ಗ್ರಾಂ ಹೆಚ್ಚು ಬಿದ್ದರೆ ದಿನಕ್ಕೆ 500 ಕೆ.ಜಿ., ಮುನ್ನೂರು ದಿನಕ್ಕೆ 150 ಟನ್ ಪಶು ಆಹಾರವನ್ನು ಪುಕ್ಕಟೆ ಹಂಚಿದಂತೆ. ಸತತ ಸಾವಿರ ಚೀಲಗಳ ತೂಕದ ದಾಖಲೆ ಕೇಳಿ, ಸರಾಸರಿಯ ಜೊತೆಗೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಎಷ್ಟೆಂದು ನೋಡಿ. ಆ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಕಾಯ್ದೆ, 2009ರ ಅಡಿಯಲ್ಲಿ ಮಾದರಿ ಅನುಮೋದನೆ ಇದೆಯೇ, ಮೊಹರು ಹಾಕಿಸುವ ಜವಾಬ್ದಾರಿ ಯಾರದು ಎಂಬುದನ್ನೂ ಕರಾರಿನಲ್ಲಿ ಬರೆಯಿರಿ. ಆಮದು ಯಂತ್ರಗಳಲ್ಲಿ ಇದು ಬಿಟ್ಟುಹೋಗಿ ಲೈನ್ ಸಿದ್ಧವಾದ ಮೇಲೆ ಇಲಾಖೆಯ ಬಾಗಿಲಲ್ಲಿ ನಿಂತವರಿದ್ದಾರೆ.

ಸುರಕ್ಷತೆಯ ಬಗ್ಗೆ ಒಂದೇ ಮಾತು, ಆದರೆ ಗಟ್ಟಿಯಾಗಿ. ಚೀಲ ಜಾರಿ ಬಿದ್ದಾಗ ಬೇಲಿಯೊಳಗೆ ನುಗ್ಗಿ ಎತ್ತಿಡುವುದು ನಮ್ಮ ಜನರ ಸಹಜ ಸ್ವಭಾವ, ಕೆಲಸ ನಿಲ್ಲಬಾರದೆಂಬ ಕಾಳಜಿಯಿಂದಲೇ ಹಾಗೆ ಮಾಡುತ್ತಾರೆ. ಬಾಗಿಲು ತೆರೆದೊಡನೆ ತೋಳು ನಿಲ್ಲಬೇಕು, ಪ್ಯಾಲೆಟ್ ಹೊರಬರುವ ದಾರಿಯಲ್ಲಿ ಮನುಷ್ಯ ನುಗ್ಗಿದರೆ ಬೆಳಕಿನ ಕಿರಣಗಳ ಪರದೆ ಅದನ್ನು ಹಿಡಿಯಬೇಕು. ರೋಬೋಟ್ ಸುರಕ್ಷತೆಯ ಐಎಸ್‌ಒ 10218 ಮಾನದಂಡ 2025ರಲ್ಲಿ ಪರಿಷ್ಕರಣೆಯಾಗಿದೆ. ಅದರ ಎರಡನೇ ಭಾಗ ಇಡೀ ಲೈನ್ ಕಟ್ಟುವವರಿಗೆ ಸಂಬಂಧಿಸಿದ್ದು. ಅದರ ಪ್ರಕಾರ ಅಪಾಯದ ಮೌಲ್ಯಮಾಪನ ಮಾಡಿದ ದಾಖಲೆ ಕೊಡಿ ಎಂದು ಕೇಳಿ. ಬೇಲಿಯನ್ನು ‘ಐಚ್ಛಿಕ’ ಎಂದು ಪ್ರತ್ಯೇಕ ಬೆಲೆಗೆ ತೋರಿಸಿರುವ ಆ ಮೂರನೇ ಕೊಟೇಶನ್ ನೋಡಿ ನನಗೆ ಸಿಟ್ಟು ಬಂತು.

ಪೂರೈಕೆದಾರರು ತಾವು ಕೊಟ್ಟ ಗ್ರಾಹಕರ ಪಟ್ಟಿಯಲ್ಲಿ ಹೊಸ ಲೈನ್ ನೋಡಲು ಕರೆದೊಯ್ಯುತ್ತಾರೆ. ಹೋಗಬೇಡಿ ಎನ್ನುವುದಿಲ್ಲ, ಹೊಸ ಮನೆಯಲ್ಲಿ ಎಲ್ಲರೂ ನಗುತ್ತಿರುತ್ತಾರೆ. ಎಂಟು ವರ್ಷ ಹಳೆಯ ಲೈನ್ ಎಲ್ಲಿದೆ ಎಂದು ಕೇಳಿ, ಮಾರಾಟದವರನ್ನು ಬಿಟ್ಟು ನೀವೊಬ್ಬರೇ ಹೋಗಿ. ಮಾಲೀಕರ ಜೊತೆ ಕಾಫಿ ಕುಡಿದ ಮೇಲೆ ಪಾಳಿಯ ಫಿಟರ್ ಜೊತೆ ಹತ್ತು ನಿಮಿಷ ನಿಲ್ಲಿ. ಪ್ಯಾನೆಲ್ ಬಾಗಿಲು ತೆಗೆಸಿ: ತಂತಿಗಳ ಮೇಲೆ ಸಂಖ್ಯೆ ಇದೆಯೇ, ಬೈಪಾಸ್ ಮಾಡಿದ ತುಂಡು ತಂತಿಗಳು ನೇತಾಡುತ್ತಿವೆಯೇ, ನಕ್ಷೆ ಬಾಗಿಲಿನ ಜೇಬಿನಲ್ಲಿದೆಯೇ? ಅದೇ ಪೂರೈಕೆದಾರರಿಂದ ಅವರು ಎರಡನೇ ಲೈನ್ ಕೊಂಡರೇ ಎಂದು ಕೇಳಿ. ಕೊಳ್ಳದಿದ್ದರೆ ಏಕೆ ಎಂಬ ಪ್ರಶ್ನೆಗೆ ಫಿಟರ್ ಮಾಲೀಕರ ಮುಖ ನೋಡಿದರೆ ನಿಮಗೆ ಉತ್ತರ ಸಿಕ್ಕಿತು.

ನಿಮ್ಮ ಮುಂದಿನ ಯೋಜನೆಗಳ ಬಗ್ಗೆ ಒಂದು ಎಚ್ಚರಿಕೆ. ಎರಡನೇ ಲೈನ್, ಸಣ್ಣ ಪೊಟ್ಟಣ ಎಲ್ಲ ನಿಮಗೇ ಎಂದು ಈಗಲೇ ಮಾತು ಕೊಟ್ಟು ರಿಯಾಯಿತಿ ಪಡೆಯುವ ಆಸೆ ಬೇಡ. ಸಣ್ಣ ಪೊಟ್ಟಣ ತುಂಬಿ ಮುಚ್ಚುವ ಯಂತ್ರ ಬೇರೆಯೇ ವಿದ್ಯೆ, 50 ಕೆ.ಜಿ. ಚೀಲದಲ್ಲಿ ಪಳಗಿದವರು ಅದರಲ್ಲೂ ಪಳಗಿರಬೇಕೆಂದಿಲ್ಲ. ಬದಲಿಗೆ ಎಲ್ಲ ಲೈನ್‌ಗಳಲ್ಲೂ ಒಂದೇ ಮಾದರಿಯ ಪಿಎಲ್‌ಸಿ, ಒಂದೇ ಮಾದರಿಯ ಡ್ರೈವ್ ಮತ್ತು ಸೆನ್ಸರ್ ಇರಬೇಕೆಂಬ ನಿಯಮ ನೀವೇ ಮಾಡಿಕೊಳ್ಳಿ. ಆಗ ಕಟ್ಟುವವರು ಯಾರೇ ಇರಲಿ, ಕಪಾಟಿನ ಬಿಡಿಭಾಗ ಒಂದೇ, ನಿಮ್ಮ ಹುಡುಗರ ಕಲಿಕೆಯೂ ಒಂದೇ. ವಾರ್ಷಿಕ ನಿರ್ವಹಣಾ ಕರಾರಿನ ದರವನ್ನು ಮಾತ್ರ ಐದು ವರ್ಷಕ್ಕೆ ಈಗಲೇ ನಿಗದಿ ಮಾಡಿ. ಯಂತ್ರ ಬಂದು ಕೂತ ಮೇಲೆ ಚೌಕಾಸಿಗೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಮೂವರಲ್ಲಿ ಯಾರು ಎಂದು ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಇದ್ದ ಕಾಗದಗಳ ಮೇಲೆ ನಾನು ಪುಣೆಯವರೊಡನೆ ಮಾತು ಮುಂದುವರಿಸುತ್ತೇನೆ, ಎರಡು ಷರತ್ತಿನ ಮೇಲೆ: ಪ್ರೋಗ್ರಾಂ ಸಹಿತ ಎಲ್ಲ ಕಡತ ಕೊಡುವುದು, ಮತ್ತು ರೋಬೋಟ್‌ನ ವಾರಂಟಿ ಜಪಾನಿನ ಕಂಪನಿಯ ಭಾರತೀಯ ಶಾಖೆಯಿಂದ ನೇರವಾಗಿ ನಿಮ್ಮ ಹೆಸರಿಗೆ ಬರುವುದು. ನಾಳೆ ಪುಣೆಯವರು ಇಲ್ಲದಿದ್ದರೂ ತೋಳಿಗೆ ದಿಕ್ಕಿರುತ್ತದೆ, ಉಳಿದದ್ದನ್ನು ಆ ಕಡತಗಳ ಬಲದಿಂದ ಬೇರೆಯವರು ನಡೆಸುತ್ತಾರೆ. ಯುರೋಪಿನವರ ತೂಕದ ಯಂತ್ರ ನಿಜಕ್ಕೂ ಚೆನ್ನಾಗಿದೆ. ಅದೊಂದನ್ನೇ ಬಿಡಿಯಾಗಿ ಮಾರುತ್ತಾರೆಯೇ ವಿಚಾರಿಸಿ. ಆದರೆ ಎರಡು ಕಡೆಯ ಯಂತ್ರ ಕೂಡಿಸಿದರೆ ನಿಂತಾಗ ಇವರು ಅವರತ್ತ, ಅವರು ಇವರತ್ತ ಬೆರಳು ತೋರಿಸುತ್ತಾರೆ. ಹಾಗೆ ಮಾಡುವುದಾದರೆ ಇಡೀ ಲೈನ್‌ನ ಹೊಣೆ ಪುಣೆಯವರದೇ ಎಂದು ಬರೆಸಿಕೊಂಡು ಮಾಡಿ.

ಇನ್ನೂ ಎರಡು ಮಾಹಿತಿ ಬೇಕು. ತುಂಬುವ ಹೊತ್ತಿಗೆ ನಿಮ್ಮ ಗುಳಿಗೆಯ ಬಿಸಿ ಎಷ್ಟಿರುತ್ತದೆ? ಮಧ್ಯಾಹ್ನ ಎರಡು ಗಂಟೆಯ ಲೆಕ್ಕ ಕೊಡಿ, ಬೆಳಗಿನದಲ್ಲ. ಮತ್ತು ಖಾಲಿ ಚೀಲದ ಉದ್ದ, ಅಗಲ, ತೂಕ. ಈಗ ಬಳಸುತ್ತಿರುವ ಎಲ್ಲ ಸರಬರಾಜುದಾರರ ಚೀಲಗಳಿಂದಲೂ ಹತ್ತು ಹತ್ತು ಅಳೆದು ಕಳುಹಿಸಿ. ಅದು ಬಂದ ಮೇಲೆ ಗ್ರಿಪ್ಪರ್ ಬಗ್ಗೆ ಬರೆಯುತ್ತೇನೆ.